ಮೊದಲ ಆಲ್ಬಮ್ಮಿನ ದನಿ

ತಪ್ಪೆಲ್ಲ ಕಿಟಕಿಯದು. ರೆಕಾರ್ಡಿಂಗ್ ದಿನ ಬೀಗ ರಿಪೇರಿಯವನು ತನ್ನ ಶೆಡ್ಡಿನ ಕಿಟಕಿ ಮುಚ್ಚಿದ್ದರೆ, ಎದುರುಮನೆ ಡ್ರಿಲ್ ಟೀಚರಮ್ಮನ ಬೈಗುಳ ಹಾಡಿನೊಳಗೆ ನುಗ್ಗುತ್ತಲೇ ಇರಲಿಲ್ಲ.

ಊರವರ ಬಾಗಿಲನ್ನೆಲ್ಲ ತೆರೆದುಕೊಡುವ ಅವನ ಬಾಗಿಲನ್ನು ತಟ್ಟುವವರು ಯಾರೂ ಇರಲಿಲ್ಲ. ವಾರಕ್ಕೊಮ್ಮೆ ಪ್ರಾಕ್ಟೀಸಿಗೆ ಬರುವ ಗಿಟಾರಿನವನು, ಡ್ರಮ್ಮಿನವನು ಇಬ್ಬರೇ ಅವನಿಗೆ ನೆಂಟರು, ಇಷ್ಟರು ಎಲ್ಲ. ಮೂವರೂ ಸೇರಿ, ಕೇಳಿದವರ ತಲೆ ಗಿರ್ರೆನ್ನುವಂಥ ಸೈಕೆಡೆಲಿಕ್ ಗ್ಯಾರೇಜ್ ರಾಕ್ ಬಾರಿಸುತ್ತಿದ್ದರು. ಹಾಡುಗಾರ ಇವನೇ. ಇವತ್ತು ಮೊದಲ ಆಲ್ಬಮ್ ಕೈಗೆ ಬಂದಿತ್ತು. ಬೀದಿಯವರು ಅದನ್ನು ಕೇಳಿ, "ಇದು ನಿನ್ನ ದನೀನಾ?" ಎಂದು ಒಮ್ಮೆ ಅಂದರೆ ಸಾಕಿತ್ತು ಅವನಿಗೆ.

ಬೆಳಿಗ್ಗೆಯೇ ಮನೆಮನೆಗೆ ಹೋಗಿ ಕರೆದ.

"ನಿಮ್ಮ ಗಲಾಟೆಗೆ ಕಿಟಕಿ ಮುಚ್ಚೋಣ ಅಂದ್ರೆ ಚಿಲಕ ಕೂರಲ್ಲ. ಮೊದ್ಲು ಅದನ್ನ ಸರಿ ಮಾಡು, ಆಮೇಲೆ ಬರ್ತೀನಿ," ಎಂದರು ಟೀಚರಮ್ಮ. ಮಾಡಿಕೊಟ್ಟ.

ಸಂಜೆ ಟೀ ಆಸೆಗೆ ಶೆಡ್ಡು ತುಂಬಿತು. ಆಲ್ಬಮ್ಮಿನ ಪ್ಲೇಟು ತಿರುಗಿತು. ಅವನ ದನಿಯ ಮೇಲೆ ಗಿಟಾರಿನವನು ಪ್ರತಿಧ್ವನಿಗೊಂದು ಪ್ರತಿಧ್ವನಿ ಪೇರಿಸಿದ್ದ. ಬಾವಿಗೆ ಬಿದ್ದ ಕೊಡದಂತೆ ಅದು ಬುಳುಬುಳು ಎಂದಿತಷ್ಟೆ.

"ಯಾರಿಗೋ ಹೊಟ್ಟೆ ಕೆಟ್ಟಿದೆ," ಎಂದರು ಪಕ್ಕದ ಮನೆ ದರ್ಜಿ.

"ಅದು ನಾನು ಸಾರ್, ಹಾಡ್ತಿರೋದು."

"ಅಯ್ಯೋ ಪಾಪ! ಡಾಕ್ಟರಿಗೆ ತೋರಿಸಿದ್ಯಾ?"

ಅಷ್ಟರಲ್ಲಿ ಪ್ಲೇಟಿನಿಂದ ಕಂಚಿನ ಕಂಠವೊಂದು ಮೊಳಗಿತು: "ನಿಲ್ಸ್ರೋ! ಮನೆಗ್ ಹೋಗ್ರೋ!"

"ನಮ್ಮ ಟೀಚರಮ್ಮ!" ಎಂದು ಜನ ಎದ್ದುನಿಂತರು. ಅದೊಂದನ್ನೇ ಮತ್ತೆ ಮತ್ತೆ ಹಾಕಿಸಿದರು. ಟೀಚರಮ್ಮ ನಾಚಿ ನೀರಾದರು.

ಗಿಟಾರಿನವನು ಅವನನ್ನು ಮೂಲೆಗೆ ಕರೆದ. "ಬೇಜಾರ್ ಮಾಡ್ಕೋಬೇಡ ಗುರು. ಇನ್ಮೇಲೆ ಅವರೇ ಹಾಡ್ಲಿ. ಪ್ರಾಕ್ಟೀಸೂ ಅವರ ಮನೇಲೇ, ಈಗಿಂದ್ಲೇ. ಅಲ್ಲಿ ಫ್ಯಾನೂ ಇದೆ."

ಬೀದಿಗೆ ಬೀದಿಯೇ ಎದುರುಮನೆಗೆ ಹೊರಟುಹೋಯಿತು. ಅವನು ಖಾಲಿ ಕುರ್ಚಿಗಳ ನಡುವೆ ಕೂತು ತಣ್ಣಗಾದ ಟೀ ಕುಡಿದ. ಅತ್ತ ಚಪ್ಪಾಳೆ ಕೇಳಿದಾಗಲೆಲ್ಲ ಎದ್ದು ಒಂದೊಂದು ಕುರ್ಚಿ ಮಡಚಿಟ್ಟ. ಇಷ್ಟು ಒಂಟಿತನ ಅವನಿಗೆ ಯಾವತ್ತೂ ಅನಿಸಿರಲಿಲ್ಲ.

ಒಮ್ಮೆಲೇ ಅವನ ತಲೆಗೆ ಹೊಳೆಯಿತು. ಟೀಚರಮ್ಮ ಹಾಡುಗಾರ್ತಿಯಾದದ್ದು ಹೇಗೆ? ಕಿಟಕಿಗೆ ಓಡಿ, ಇದ್ದಬದ್ದ ಉಸಿರನ್ನೆಲ್ಲ ಎಳೆದುಕೊಂಡು ಕೂಗಿದ:

"ನಿಲ್ಸ್ರೋ!"

ಗಿಟಾರು ನಿಂತಿತು. ಎದುರು ಕಿಟಕಿಯಲ್ಲಿ ಗಿಟಾರಿನವನ ತಲೆ ಕಾಣಿಸಿತು.

"ಗುರು, ಅದು ನಿನ್ನ ದನೀನಾ?"

"ಹೂಂ ಕಣೋ! ಕೇಳಿಸ್ತಾ?" ಅವನ ಕಣ್ಣು ತುಂಬಿ ಬಂತು.

"ಒಂದೊಂದು ಅಕ್ಷರಾನೂ ಕೇಳಿಸ್ತು. ಸಾರಿ ಗುರು, ಈ ಸಲ ಕಿಟಕಿ ಮುಚ್ಚೋದನ್ನ ಮರೆಯೋದೇ ಬೇಡ ಅಂತ ಟೀಚರಮ್ಮ ಆಗ್ಲೇ ಹೇಳಿದ್ರು," ಎಂದು ಗಿಟಾರಿನವನು ಕಿಟಕಿ ಮುಚ್ಚಿದ.

ಚಿಲಕ ಭದ್ರವಾಗಿ ಕೂತಿತು.