ಚಾಲು ಎಂಬ ಒಂದು ಮಾತು

ಎದುರಿಗೇ ಬೈದರೆ ನಾನು ತಡೆದುಕೊಳ್ಳುತ್ತೇನೆ. ಬೈದಿರಬಹುದು ಅನ್ನಿಸಿಬಿಟ್ಟರೆ ಮುಗಿಯಿತು ನನ್ನ ಕಥೆ. ಕೊರಟಗೆರೆಯವನಾದ ನಾನು ಪಾವಗಡದ ಕಡೆಯ ಶಾಲೆಯೊಂದಕ್ಕೆ ವರ್ಗವಾಗಿ ಹೋಗಿ ವಾರವೂ ಆಗಿರಲಿಲ್ಲ. ಮಧ್ಯಾಹ್ನ ಊಟದ ಕೋಣೆಗೆ ಕಾಲಿಟ್ಟೆ. ಗಣಿತದ ಮೇಷ್ಟ್ರು ಆಂಜನೇಯಲು ನನ್ನತ್ತಲೇ ನೋಡಿ, "ಚಾಲು! ಚಾಲು!" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು.

ನಮ್ಮ ಕಡೆ ಮೋಟರಿಗೆ ಚಾಲು ಅಂದರೆ ಶುರು. ಮನುಷ್ಯನಿಗೆ ಅಂದರೆ ಕಿಲಾಡಿ, ನಂಬಬಾರದವನು. ಅಂಥದ್ದು ನಾನೇನು ಮಾಡಿದ್ದೆ? ಪಾಠ ಮಾಡುವಾಗಲೂ ಸ್ನಾನ ಮಾಡುವಾಗಲೂ ಕಿವಿಯಲ್ಲಿ ಅದೇ ನಗು. ಈಗ ಮಧುಗಿರಿಯಲ್ಲಿ ನನ್ನ ಮನೆ. ಶಾಲೆಯಿಂದ ಬರುವಾಗ ಯೋಚನೆಯಲ್ಲಿ ಮುಳುಗಿ ಎರಡು ಸಲ ಊರು ದಾಟಿ ಕೊರಟಗೆರೆಯಲ್ಲಿ ಬಸ್ಸಿಳಿದೆ. ಆಂಜನೇಯಲು ನಮಸ್ಕಾರ ಅಂದರೆ ಮುಖ ತಿರುಗಿಸಿದೆ. ಆಮೇಲೆ ಮಾತು ಬಿಟ್ಟೆ, ಊಟ ಬಿಟ್ಟೆ. ಐದನೇ ತಿಂಗಳಿಗೆ ಹಾಸಿಗೆಯಿಂದ ಏಳುವುದೇ ಬೇಡವಾಗಿ ರಜೆ ಹಾಕಿದೆ.

"ಇಂಗೇ ಮಲಗಿದ್ರೆ ಹೆಂಗ್ರೀ?" ಎಂದಳು ಹೆಂಡತಿ ಲಲಿತಾ.

"ನಾನಿಲ್ದಿದ್ರೆ ನಿಂಗೇ ಆರಾಮ ಕಣೇ," ಎಂದೆ. ತಮಾಷೆಗೆ ಅಂದದ್ದಲ್ಲ ಎಂದು ಅವಳಿಗೆ ತಿಳಿಯಿತು. ಅಂದೇ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು.

"ಜನರ ನಡುವೆ ಆದ ನೋವನ್ನ ಮಿದುಳು ಸುಲಭಕ್ಕೆ ಬಿಡಲ್ಲ. ನೀವು ಸುಮ್ನೆ ಕೂತ್ರೂ ಅದು ಕೂರಲ್ಲ, ಅದನ್ನೇ ತಿರುವಿ ಹಾಕ್ತಿರುತ್ತೆ. ಇದು ಖಿನ್ನತೆ," ಎಂದು ಡಾಕ್ಟರು ಮಾತ್ರೆ ಬರೆದರು. ನನ್ನ ಮಿದುಳು ಅಷ್ಟು ಕೆಲಸ ಮಾಡುತ್ತದೆ ಎಂದು ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಹೇಳಿದವರು ಅವರೊಬ್ಬರೇ.

ಮುಂದಿನ ಭಾನುವಾರ ಆಂಜನೇಯಲು ಕಡಲೆಕಾಯಿ ಚೀಲ ಹಿಡಿದು ನನ್ನನ್ನು ನೋಡಲು ಬಂದರು. ಲಲಿತಾ ಇನ್ನೊಂದು ಸೌಟು ಉಪ್ಪಿಟ್ಟು ಹಾಕಹೋದಾಗ ತಟ್ಟೆಗೆ ಕೈ ಅಡ್ಡ ಹಿಡಿದು, "ಚಾಲು! ಚಾಲಮ್ಮಾ!" ಎಂದರು.

"ಅಂಗಂದ್ರೆ ಏನ್ ಸಾರ್?"

"ಸಾಕು ಅಂತ ಕಣಮ್ಮ. ಬಾಯಿಗೆ ತೆಲುಗು ಬಂದ್ಬುಡ್ತದೆ."

ನಾನು ತಡವರಿಸುತ್ತ ಆ ದಿನದ ಮಾತು ಕೇಳಿದೆ.

"ನಿಮಗೆಲ್ಲಿ ಅಂದೆ ಸಾರ್? ನಿಮ್ಮ ಹಿಂದೇನೇ ಅಡುಗೆಯಮ್ಮ ಸಾರಿನ ಬಕೆಟ್ ಹಿಡ್ಕಂಡು ಬತ್ತಿದ್ಲು. ಆಗ್ಲೇ ನನ್ ತಟ್ಟೆ ತುಂಬಿ ಪ್ಯಾಂಟ್ ಮೇಲೆ ಹರೀತಿತ್ತು, ಅದಕ್ಕೆ ಎಲ್ಲಾ ನಕ್ಕಿದ್ದು." ತಟ್ಟೆ ಕೆಳಗಿಟ್ಟು ಹೇಳಿದರು: "ನೀವ್ಯಾಕೆ ಮುಖ ತಿರುಗಿಸ್ತೀರಿ ಅಂತ ನಾನೂ ಐದು ತಿಂಗಳು ನಿದ್ದೆ ಕೆಡಿಸ್ಕಂಡೆ."

ನನಗೆ ಅಳು ಬಂತು. ಹೆಂಡತಿಯ ಮುಂದೆಯೇ ಅತ್ತೆ.

ನಿಜ ತಿಳಿದ ಮೇಲೆ ಗುಣವಾಗಬೇಕಿತ್ತು. ಆಗಲಿಲ್ಲ, ಮಾತ್ರೆ ಮುಂದುವರಿದಿದೆ. ಆ ಒಳ್ಳೆಯ ಮನುಷ್ಯನನ್ನು ನೋಯಿಸಿದೆನಲ್ಲ ಎಂಬುದನ್ನೇ ಈಗ ತಲೆ ತಿರುವಿ ಹಾಕುತ್ತಿದೆ. ಆಂಜನೇಯಲು ಹೇಳಿಕೊಟ್ಟಂತೆ ಅದಕ್ಕೆ "ಚಾಲು, ಚಾಲು" ಎನ್ನುತ್ತೇನೆ. ಆದರೆ ಅದು ಅಚ್ಚ ಕೊರಟಗೆರೆಯ ತಲೆ, ತೆಲುಗು ಬಾರದು. ನಾನು ಚಾಲು ಎಂದ ಕೂಡಲೇ ಮೊದಲಿನಿಂದ ಶುರು ಮಾಡುತ್ತದೆ.