ಬರಿಹೊಟ್ಟೆಯ ಶಿಬಿರಕ್ಕೆ ನನ್ನ ಕಾಫಿ

ಮಗಳು ಹಾಸ್ಟೆಲ್ ಸೇರಿದ ಮೇಲೆ ನನಗೂ ಒಂದು ಉದ್ಯೋಗ ಬೇಕು ಅನ್ನಿಸಿತು. ಯಾವ ಉದ್ಯೋಗ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೊಲಿಗೆ ಕಲಿಯಲು ಹೋಗಿ ನಮ್ಮವರ ಅಂಗಿಗೆ ಎರಡೂ ಕಡೆ ಎಡತೋಳನ್ನೇ ಹೊಲಿದಿದ್ದೆ. ಬ್ಯೂಟಿಷಿಯನ್ ಆಗುತ್ತೇನೆಂದು ಪಕ್ಕದ ಮನೆಯ ಸುಧಾಳ ಹುಬ್ಬಿಗೆ ಕೈಹಾಕಿದ್ದೆ. ಪಾಪ, ಅವಳು ಬಹಳ ದಿನ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡೇ ಓಡಾಡಿದಳು.

ಆಗಲೇ ಹೊಸಕೋಟೆಯ ಒಂದು ನರ್ಸಿಂಗ್ ಹೋಂನವರು ನಮ್ಮ ಜಡಿಗೇನಹಳ್ಳಿಗೆ ಬಂದರು. ಅವರ ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕಿಯಾಗಿ ದುಡಿಯಬೇಕು, ಮಾಡುತ್ತಲೇ ಕಲಿಯಬೇಕು. ಒಂದು ದಿನ ಪರೀಕ್ಷಕರು ಬಂದು ನಮ್ಮ ಕೆಲಸವನ್ನು ನೋಡುತ್ತಾರೆ. ಮೆಚ್ಚಿದರೆ 'ಆರೋಗ್ಯ ಸಹಾಯಕಿ' ಎಂಬ ಸರ್ಟಿಫಿಕೇಟು, ಜೊತೆಗೆ ಅಲ್ಲೇ ನೌಕರಿ! ಓದಬೇಕಿಲ್ಲ, ಬರೆಯಬೇಕಿಲ್ಲ. ಇಂಥ ಪರೀಕ್ಷೆ ನನ್ನ ಕಾಲದಲ್ಲೇ ಇದ್ದಿದ್ದರೆ ನಾನು ಇಷ್ಟು ಹೊತ್ತಿಗೆ ಡಾಕ್ಟರೇ ಆಗಿರುತ್ತಿದ್ದೆ.

"ಲೇ ಪದ್ಮಾ, ರಕ್ತ ಕಂಡ್ರೆ ನಿಂಗೆ ತಲೆ ತಿರುಗುತ್ತಲ್ಲೇ" ಎಂದರು ನಮ್ಮವರು.

"ರಕ್ತ ತೆಗೆಯೋರು ಸಿಸ್ಟರ್ ಕಣ್ರೀ. ನಾನು ಬಂದೋರನ್ನ ಕೂರಿಸ್ತೀನಿ, ಅಷ್ಟೇ."

"ಕೂರ್ಸೋದ್ರಲ್ಲಿ ಏನು ಎಡವಟ್ಟು ಮಾಡ್ತೀಯೋ ನೋಡ್ಬೇಕು!"

ನನ್ನ ಪರೀಕ್ಷೆಯ ಶಿಬಿರ ನಮ್ಮೂರಿನ ಶಾಲೆಯಲ್ಲೇ ನಿಗದಿಯಾಯಿತು. ಸಕ್ಕರೆ ಕಾಯಿಲೆಯ ತಪಾಸಣೆ. ಹಿಂದಿನ ದಿನ ನಾನೇ ಮನೆಮನೆಗೆ ಹೋಗಿ, "ಬೆಳಿಗ್ಗೆ ಏನೂ ತಿನ್ನದೆ, ಕುಡಿಯದೆ ಬರಿಹೊಟ್ಟೇಲಿ ಬನ್ನಿ" ಎಂದು ಸಾರಿದ್ದೆ. ನನ್ನ ಮಾತಿಗೆ ಎಷ್ಟು ಬೆಲೆ ನೋಡಿ, ಊರಿಗೆ ಊರೇ ಬರಿಹೊಟ್ಟೆಯಲ್ಲಿ ಬಂದು ಸಾಲಾಗಿ ಕುಳಿತಿತ್ತು!

ಆದರೆ ರಕ್ತ ತೆಗೆಯುವ ಸಿಸ್ಟರ್ ಮಂಜುಳಾ ಅವರ ವ್ಯಾನು ಬರುವುದು ತಡವಾಯಿತು. ಬಿಸಿಲೇರಿತು. ಮುದುಕರು ಆಕಳಿಸತೊಡಗಿದರು. ಶಾಲೆಯ ಎದುರಿಗೇ ನಮ್ಮ ಮನೆ. ಮನೆ ಮುಂದೆ ಜನ ಹಸಿದು ಕೂತಿರುವಾಗ ನಾನು ಕೊರಳಿಗೆ ಬ್ಯಾಡ್ಜು ನೇತುಹಾಕಿಕೊಂಡು ಸುಮ್ಮನೆ ನಿಲ್ಲುವುದೇ? ಬರುವಾಗ ಬರಿಹೊಟ್ಟೆ ಇರಬೇಕು ಎಂದಿದ್ದರು, ಇದ್ದರು. ಬಂದಾಯಿತಲ್ಲ! ಓಡಿಹೋಗಿ ದೊಡ್ಡ ಪಾತ್ರೆಯಲ್ಲಿ ಕಾಫಿ ಕಾಯಿಸಿ ತಂದೆ. ನಮ್ಮ ಹಸುವಿನ ಗಟ್ಟಿ ಹಾಲು, ಕೈತುಂಬ ಸಕ್ಕರೆ.

"ಬ್ಯಾಡ ಕಣವ್ವ" ಎಂದರು ಸಾಲಿನ ಮೊದಲಲ್ಲಿದ್ದ ರಂಗಜ್ಜ.

ನಮ್ಮ ಕಡೆ ಯಾರು ತಾನೇ ಮೊದಲ ಸಲಕ್ಕೇ ಬೇಕು ಎನ್ನುತ್ತಾರೆ? ಬೇಡ ಎನ್ನುವುದು ಅವರ ಮರ್ಯಾದೆ, ಬಿಡದೆ ಕೊಡುವುದು ನಮ್ಮ ಮರ್ಯಾದೆ.

"ನಮ್ಮನೆ ಕಾಫಿ ಅಂದ್ರೆ ಅಷ್ಟು ತಾತ್ಸಾರನಾ ಅಜ್ಜ?"

"ಅಂಗಲ್ಲ ಕಣವ್ವ, ನೀನೇ ನೆನ್ನೆ..."

"ಅದು ನೆನ್ನೆ! ಹಿಡೀರಿ."

ಅಜ್ಜ ಕುಡಿದರು. ಅವರನ್ನು ನೋಡಿ ಉಳಿದವರೂ ಕುಡಿದರು. ಕೊನೆಯಲ್ಲಿ ಹತ್ತಿ ಸೀರೆಯ ಒಬ್ಬ ಅಪರಿಚಿತ ಹೆಂಗಸು ಕೂತಿದ್ದರು. ಅವರು "ಖಂಡಿತಾ ಬೇಡಮ್ಮ, ಟೆಸ್ಟ್ ಇದೆ" ಎಂದು ಕೈ ಅಡ್ಡ ಹಿಡಿದರು. ಪರ ಊರಿನವರು, ನಾಚಿಕೆ ಜಾಸ್ತಿ ಎಂದುಕೊಂಡು ಅವರಿಗೆ ಎರಡು ಲೋಟ ಕುಡಿಸಿದೆ, ಮನೆಯಿಂದ ತಂದ ಬಿಸಿ ಇಡ್ಲಿಯ ಸಮೇತ.

ವ್ಯಾನು ಬಂತು. ತಪಾಸಣೆ ಶುರುವಾಯಿತು. ಒಬ್ಬೊಬ್ಬರ ಬೆರಳು ಚುಚ್ಚಿದಂತೆಲ್ಲ ಸಿಸ್ಟರ್ ಮುಖ ಬಿಳುಚುತ್ತಾ ಹೋಯಿತು. "ಇದೇನು, ನಿಮ್ಮೂರಲ್ಲಿ ಎಲ್ರಿಗೂ ಶುಗರ್ರಾ?"

ರಂಗಜ್ಜ ಅಲ್ಲೇ ಕುಸಿದು ಕೂತರು. "ಇನ್ನು ಹಬ್ಬಕ್ಕೆ ಒಬ್ಬಟ್ಟೂ ಇಲ್ವೇನವ್ವಾ ನಂಗೆ?" ಎಂದು ಕಣ್ಣು ಒರೆಸಿಕೊಂಡರು. ನನಗೂ ಅಳು ಬಂತು. ಸಮಾಧಾನ ಮಾಡೋಣವೆಂದು, "ಅಳಬೇಡಿ ಅಜ್ಜ, ಇನ್ನೊಂದು ಲೋಟ ಕಾಫಿ ಕುಡೀರಿ" ಎಂದುಬಿಟ್ಟೆ!

ಸಿಸ್ಟರ್ ಕೈಯಲ್ಲಿದ್ದ ಸೂಜಿ ಹಾಗೇ ನಿಂತಿತು. "ಇನ್ನೊಂದು ಅಂದ್ರೆ?"

ನಾನು ಪಾತ್ರೆಯನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿದೆ. ಅಷ್ಟು ದೊಡ್ಡ ಪಾತ್ರೆ ಬಚ್ಚಿಡುವಷ್ಟು ಅಗಲ ನಾನಿರಲಿಲ್ಲ. ಆಗ ಹತ್ತಿ ಸೀರೆಯವರು ಮೆಲ್ಲಗೆ ಎದ್ದು, "ಸಿಸ್ಟರ್, ನಾನು ಇವರ ಕೆಲಸ ನೋಡೋಕೆ ಬಂದ ಪರೀಕ್ಷಕಿ. ಹಾಗೇ ನಂದೂ ಟೆಸ್ಟ್ ಮಾಡಿಸ್ಕೊಳ್ಳೋಣ ಅಂತಿದ್ದೆ. ಎರಡು ಲೋಟ ಆಗಿದೆ" ಎಂದರು.

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬಿಡಲಿಲ್ಲ. ಶಿಬಿರ ಮುಂದಿನ ವಾರಕ್ಕೆ ಹೋಯಿತು. ನನ್ನ ಬ್ಯಾಡ್ಜು ಸಿಸ್ಟರ್ ಚೀಲಕ್ಕೆ ಹೋಯಿತು. ಈ ಸಲ ನಿಜವಾಗಿಯೂ ಮನಸ್ಸಿಟ್ಟು ಕಲಿತಿದ್ದೆ. ಮೂಲೆಯಲ್ಲಿ ನಿಂತು ಅತ್ತೆ.

ಪರೀಕ್ಷಕಿ ಹತ್ತಿರ ಬಂದರು. "ನೋಡಮ್ಮ, ರೋಗಿಗಳ ಹತ್ತಿರ ನಿಮ್ಮನ್ನ ಬಿಟ್ರೆ ಅಪಾಯ. ಆದ್ರೆ ಬೇಡ ಅಂದವಳಿಗೇ ಎರಡು ಲೋಟ ಕುಡಿಸಿದ್ರಲ್ಲ, ಈ ಕಲೆ ಕಲಿಸಿದ್ರೂ ಬರಲ್ಲ. ನರ್ಸಿಂಗ್ ಹೋಂ ಕ್ಯಾಂಟೀನಲ್ಲಿ ಸೇರಿ. ಅದಕ್ಕೂ ಹೀಗೇ ಕೆಲಸ ನೋಡಿ ಸರ್ಟಿಫಿಕೇಟ್ ಕೊಡ್ತೀವಿ."

ಸೇರಿದೆ. ಕಲಿತೆ. ಪಾಸಾದೆ! 'ಆಹಾರ ಸೇವೆ' ಎಂಬ ನನ್ನ ಸರ್ಟಿಫಿಕೇಟು ಈಗ ನಡುಮನೆಯ ಗೋಡೆಯ ಮೇಲಿದೆ. ಆ ಮರುವಾರ ನಡೆದ ತಪಾಸಣೆಯಲ್ಲಿ ರಂಗಜ್ಜನಿಗೆ ಸಕ್ಕರೆ ಕಾಯಿಲೆ ಇಲ್ಲವೆಂದು ತಿಳಿದು, ಅವರ ಒಬ್ಬಟ್ಟೂ ಉಳಿಯಿತು. ಈಗ ನನಗೆ ಬುದ್ಧಿ ಬಂದಿದೆ, ರಕ್ತಪರೀಕ್ಷೆಗೆ ಬಂದವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಕ್ಯಾಂಟೀನಿನ ಕಿಟಕಿಯಿಂದ ನೋಡಿದರೆ, ನಮ್ಮವರು ನರ್ಸಿಂಗ್ ಹೋಮಿನ ಹಿಂದಿನ ಗೇಟಿನಿಂದ ಕಳ್ಳನ ಹಾಗೆ ಒಳಗೆ ನುಸುಳುತ್ತಿದ್ದಾರೆ!

"ರೀ! ತಿಂಡಿ ತಿನ್ನದೆ ಎಲ್ಲಿಗ್ರೀ?" ಎಂದು ಕಾಫಿ ಲೋಟ ಹಿಡಿದು ಹಿಂದೆಯೇ ಓಡಿದೆ.

ಅವರು ಲ್ಯಾಬಿನೊಳಗೆ ನುಗ್ಗಿ ಒಳಗಿನಿಂದ ಚಿಲಕ ಹಾಕಿಕೊಂಡರು.