ಕರಿಗವಚದವನಿಗೆ ಕುಂಕುಮ

ಕುಡುಗೋಲು, ಸಲಿಕೆ, ಈಳಿಗೆಮಣೆ. ಅವುಗಳ ಸಾಲಿನಲ್ಲಿ, ಹಣೆಗೆ ವಿಭೂತಿ ಕುಂಕುಮ ಬಳಿಸಿಕೊಂಡು, ಹುಲುಗೇಶನ ಕರಿಗವಚದವನೂ ನಿಂತಿದ್ದ.

"ಯವ್ವಾ! ಡಬ್ಬಿ ಯಾಕ ಒಡದಿ?"

"ಆಯುಧ ಪೂಜಿ ಅಲ್ಲೇನು ಇವತ್ತು? ಇದರ ಕೈಯಾಗ ಕತ್ತಿ ಐತಿ ಅಂತ ನೀನ ಹೇಳಿದ್ದಿ," ಎಂದಳು ಉಚ್ಚಂಗೆಮ್ಮ. "ಟ್ರಂಕಿನಾಗ ಮುಚ್ಚಿಟ್ಟ ಆಯುಧ ಮನಿಗೆ ಒಳ್ಳೇದಲ್ಲಪ್ಪ."

ಹುಲುಗೇಶ ತಲೆ ಹಿಡಿದುಕೊಂಡು ಕೂತುಬಿಟ್ಟ. ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವ. ಕುಡತಿನಿಯ ಕರೆಂಟು ಸ್ಥಾವರದಲ್ಲಿ ಬೂದಿ ಚೀಲ ಹೊತ್ತು ಕುರುಗೋಡಿಗೆ ಮರಳುವಾಗ ಅವನ ರೆಪ್ಪೆಯೂ ಬೂದಿಯಾಗಿರುತ್ತಿತ್ತು. ಈ ಬಾಳಿನಲ್ಲಿ ತನ್ನದು ಅಂತ ಇದ್ದದ್ದು ಟ್ರಂಕಿನಲ್ಲಿದ್ದ ಫಿಗರ್ ಡಬ್ಬಿಗಳು ಮಾತ್ರ. ಕೈಕಾಲಿನ ಕೀಲು ತಿರುಗುವ, ಗೇಣುದ್ದದ ಗೊಂಬೆ ವೀರರು.

ಅವರಲ್ಲಿ ಅವನಿಗೆ ಇನ್ನೂ ಬೇಕಾಗಿದ್ದವಳು ಒಬ್ಬಳೇ, ಬಿಲ್ಲು ಹಿಡಿದ ಬಿಲ್ಲಿನಾಕಿ. ಬಳ್ಳಾರಿಯ ಅಂಗಡಿಯಲ್ಲಿ ಅವಳನ್ನು ಮುಟ್ಟಹೋದಾಗ ಮಾಲೀಕ, "ದೂರ ನಿಂತು ನೋಡಪ್ಪ, ಬೂದಿ ಹತ್ತತೈತಿ" ಅಂದಿದ್ದ. ಅವತ್ತೇ ಹುಲುಗೇಶ ಹಲ್ಲು ಕಚ್ಚಿದ್ದ. ಆದರೆ ಇವನು ದುಡ್ಡು ಕೂಡಿಸಿ ಹೋಗುವಷ್ಟರಲ್ಲಿ ಹಳೇ ರೇಟಿನ ಚೀಟಿಯ ಮೇಲೆ ಹೊಸ ಚೀಟಿ ಕೂತಿರುತ್ತಿತ್ತು. ಗೊಂಬೆ ಅದೇ. ಡಬ್ಬಿಗೆ ಮೊದಲಿದ್ದ ಪ್ಲಾಸ್ಟಿಕ್ ಕಿಟಕಿಯನ್ನೂ ಕಿತ್ತು ಬರೀ ರಟ್ಟು ಮಾಡಿದ್ದರು. ರೇಟು ಮಾತ್ರ ಕೋತಿಯಂತೆ ಹಾರುತ್ತಿತ್ತು. ಕೂಲಿ ಸತ್ತ ಎಮ್ಮೆಯಂತೆ ಬಿದ್ದಲ್ಲೇ ಬಿದ್ದಿತ್ತು.

ಕೊನೆಗೆ ಫೋನಿನಲ್ಲಿ ಸಿಕ್ಕವನು ಸಿರುಗುಪ್ಪದ ಗಾದಿಲಿಂಗ. ಅವನ ಹತ್ತಿರ ಬಿಲ್ಲಿನಾಕಿ ಇದ್ದಳು, ಅವನಿಗೆ ಕರಿಗವಚದವನು ಬೇಕಿತ್ತು. ಇವತ್ತು ಮಧ್ಯಾಹ್ನ, ಬಳ್ಳಾರಿಯ ಅದೇ ಅಂಗಡಿ ಮುಂದೆ ಅದಲುಬದಲು. ಷರತ್ತು ಒಂದೇ: ಸೀಲು ಒಡೆದಿರಬಾರದು. ಸೀಲು ಒಡೆದ ಫಿಗರೂ ಗ್ಯಾಸು ಹೋದ ಸೋಡಾವೂ ಒಂದೇ.

ಕುಂಕುಮ ಎಷ್ಟು ಒರೆಸಿದರೂ ಹೋಗಲಿಲ್ಲ. ಪಕ್ಕದ ಮನೆ ಮಂಜಮ್ಮ ಕರೆಯದೇ ಬಂದಳು.

"ಪೆಟ್ರೋಲ್ ಹಚ್ಚಿ ತಿಕ್ಕೋ ತಮ್ಮಾ, ಎಂಥಾ ಕಲೀನೂ ಹೊಕ್ಕೈತಿ."

ತಿಕ್ಕಿದ. ಕುಂಕುಮ ಹೋಯಿತು. ಹುಬ್ಬು ಹೋಯಿತು. ಕಣ್ಣು, ಮೀಸೆ, ಬಾಯಿ ಎಲ್ಲ ಹೋಗಿ, ಸುಲಿದ ಮೊಟ್ಟೆಯಂಥ ಮುಖವೊಂದು ಉಳಿಯಿತು.

"ನೋಡು, ಹೆಂಗ ಸ್ವಚ್ಛ ಆತು!" ಎಂದಳು ಮಂಜಮ್ಮ.

ಅವಳನ್ನು ಕೊಂದುಬಿಡುವಷ್ಟು ಸಿಟ್ಟು ಬಂತು. ಆದರೆ ಹೊತ್ತು ಇರಲಿಲ್ಲ. ಮುಖವಿಲ್ಲದವನನ್ನೇ ಡಬ್ಬಿಗೆ ತುರುಕಿ, ಗೋಂದು ಸವರಿ, ಸೀಲನ್ನು ಉಸಿರು ಬಿಗಿಹಿಡಿದು ಅಂಟಿಸಿದ.

ಬಸ್ಸಿನಲ್ಲಿ ಡಬ್ಬಿಯನ್ನು ಎದೆಗವಚಿ ಕೂತವನನ್ನು ಕಂಡಕ್ಟರ್ ಬಿಡಲಿಲ್ಲ. "ಏನೈತಿ ಅದರಾಗ?"

"ಗೊಂಬಿ."

"ಎಷ್ಟು ಮಂದಿ ಮಕ್ಕಳು?"

"ಮದುವಿ ಆಗಿಲ್ರಿ."

ಇಡೀ ಬಸ್ಸು ನಕ್ಕಿತು. ಹಿಂದಿನ ಸೀಟಿನ ಮುದುಕ, "ಮದ್ಲು ಗೊಂಬಿ ತಂದು ಆಮ್ಯಾಲೆ ಹೆಣ್ಣು ಹುಡುಕ್ತಾನೇನೋ!" ಅಂದ. ಹುಲುಗೇಶ ಕಿಟಕಿಯಾಚೆ ನೋಡುತ್ತ ಬಾಯೊಳಗೇ ಬೈದುಕೊಂಡ.

ಅಂಗಡಿಯಲ್ಲಿ ಪೂಜೆ ಮುಗಿದಿತ್ತು. ರೇಟಿನ ಚೀಟಿ ಹೊಡೆಯುವ ಮಷಿನ್ನಿಗೂ ಚೆಂಡುಹೂವಿನ ಹಾರ ಹಾಕಿದ್ದರು. ಆ ಅಂಗಡಿಯ ಆಯುಧ ಅದೇ ತಾನೆ?

ಗಾದಿಲಿಂಗ ಮೊದಲೇ ಬಂದು ನಿಂತಿದ್ದ. ಹುಲುಗೇಶನಷ್ಟೇ ಬಡಕಲು, ಹುಲುಗೇಶನಷ್ಟೇ ಬೆವರುತ್ತಿದ್ದ.

"ಒಡದಿಲ್ಲಲ್ಲಣ್ಣ?"

"ನಮ್ಮವ್ವನ ಆಣಿ, ನಾನು ಒಡದಿಲ್ಲ. ನಿಂದು?"

"ನಮ್ಮವ್ವನ ಆಣಿ ಅಣ್ಣ, ನಾನೂ ಒಡದಿಲ್ಲ."

ಡಬ್ಬಿಗಳು ಕೈ ಬದಲಾದವು. ಚಹಾ ಕುಡಿಯೋಣ ಅಂತ ಇಬ್ಬರೂ ಅನ್ನಲಿಲ್ಲ. ಗಾದಿಲಿಂಗ ಸಿರುಗುಪ್ಪ ಬಸ್ಸಿಗೆ ಓಡಿದ, ಹುಲುಗೇಶ ಕುರುಗೋಡು ಬಸ್ಸಿಗೆ ಓಡಿದ.

ದಾರಿಯುದ್ದಕ್ಕೂ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ತನ್ನಂಥ ಬಡವನಿಗೇ ಟೋಪಿ ಹಾಕಿದೆನಲ್ಲ! ಆಮೇಲೆ ಅಂದುಕೊಂಡ: ಲೋಕ ನನಗೆ ಹಾಕಿದ ಟೋಪಿಗಳ ಮುಂದೆ ಇದೆಷ್ಟರದು? ಬಿಲ್ಲಿನಾಕಿಯನ್ನು ಇನ್ನು ಯಾವ ಮಾಲೀಕನೂ ದೂರ ನಿಂತು ನೋಡು ಅನ್ನುವಂತಿರಲಿಲ್ಲ.

ಮನೆಗೆ ಬಂದು ಡಬ್ಬಿಯನ್ನು ಗೂಡಿನಲ್ಲಿಟ್ಟು ಅವ್ವನಿಗೆ ಬೆರಳು ತೋರಿಸಿ ಎಚ್ಚರಿಸಿದ. "ಇದನ್ನ ಮುಟ್ಟಿದ್ರ ನೋಡು!"

"ನಾ ಯಾಕ ಮುಟ್ಲಿ?" ಎಂದಳು ಉಚ್ಚಂಗೆಮ್ಮ ಮುನಿಸಿಕೊಂಡು. ಉಂಡು ಕೈ ತೊಳೆಯುವ ಹೊತ್ತಿಗೆ ಅವಳೇ ಕರೆದಳು. "ಲೇ ಹುಲುಗ್ಯಾ, ಬಾ ಇಲ್ಲಿ. ನಿನ್ನ ಡಬ್ಬಿಗೆ ಇರುವಿ ಹತ್ಯಾವು."

ಗೋಡೆಯಿಂದ ಕೆಂಪಿರುವೆ ಸಾಲುಗಟ್ಟಿ, ಡಬ್ಬಿಯ ಮೂಲೆಯಲ್ಲಿ ಒಳಗೆ ಹೋಗುತ್ತಿದ್ದವು. ಸೀಲಿಗೆ ಬೆರಳು ತಾಗಿದ್ದೇ ತಡ, ಅದು ತಾನಾಗಿ ಬಿಚ್ಚಿಕೊಂಡಿತು. ಗೋಂದು ಇನ್ನೂ ಪೂರ್ತಿ ಒಣಗಿರಲಿಲ್ಲ.

ಒಳಗೆ ಬಿಲ್ಲಿನಾಕಿ ಇದ್ದಳು. ಕೆನ್ನೆ ತುಂಬ ಅರಿಷಿಣ, ಹಣೆಯಲ್ಲಿ ಕಾಸಗಲ ಕುಂಕುಮ, ಕೊರಳಲ್ಲಿ ಕರಿಮಣಿ, ಬಾಯಿಗೆ ಮೆತ್ತಿದ ಬೆಲ್ಲ. ಸಿರುಗುಪ್ಪದಲ್ಲೂ ಇವತ್ತು ಆಯುಧ ಪೂಜೆಯೇ. ಅಲ್ಲೂ ಒಬ್ಬಳು ಅವ್ವ ಇದ್ದಳು.

ಹುಲುಗೇಶ ಪೆಟ್ರೋಲ್ ಬಾಟಲಿಗೆ ಕೈ ಹಾಕಿದ. ಉಚ್ಚಂಗೆಮ್ಮ ಫಟ್ಟನೆ ಆ ಕೈಗೆ ಹೊಡೆದಳು.

"ಕೈ ತಗೀ! ಯಾರೋ ಪುಣ್ಯಾತಗಿತ್ತಿ ಇಕಿನ್ನ ದೇವಿ ಮಾಡಿ ಉಡಿ ತುಂಬಿ ಕಳಿಸ್ಯಾಳ. ಇನ್ನ ಇದು ಗೊಂಬಿ ಅಲ್ಲ. ಮೈಯೆಲ್ಲಾ ಬೂದಿ ನಿಂದು, ದೂರ ನಿಂತು ಕೈ ಮುಗಿ."

ಬಾಗಿಲಲ್ಲಿ ಮಂಜಮ್ಮ ಆಗಲೇ ತೆಂಗಿನಕಾಯಿ ಹಿಡಿದು ನಿಂತಿದ್ದಳು.